ರಿಪೋರ್ಟೆಲ್ಲ ನಾರ್ಮಲ್ ಎಂದಮೇಲೆ: ಗಂಡಸರ ಲೈಂಗಿಕ ಚಿಕಿತ್ಸೆಯಲ್ಲಿ ಮನಸ್ಸಿನ ಪಾಲು

(ಕುಟುಂಬ ವೈದ್ಯರು, ಆಪ್ತಸಮಾಲೋಚಕರು ಮತ್ತು ಸಾರ್ವಜನಿಕರಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಇಟ್ಟುಕೊಂಡಿದ್ದೇವೆ.)

ಎಲ್ಲರಿಗೂ ನಮಸ್ಕಾರ.

“ರಿಪೋರ್ಟೆಲ್ಲ ನಾರ್ಮಲ್ ಇದೆ. ದೇಹಕ್ಕೇನೂ ಆಗಿಲ್ಲ, ಎಲ್ಲಾ ಮನಸ್ಸಿನದು. ಟೆನ್ಷನ್ ಮಾಡ್ಕೋಬೇಡಿ.” ನಿಮಿರುವಿಕೆ ಸರಿಯಾಗುತ್ತಿಲ್ಲ ಎಂದು ಬಂದ ಗಂಡಸಿಗೆ ಈ ಮೂರು ವಾಕ್ಯ ಹೇಳಿ ಕಳಿಸುವ ರೂಢಿ ಇದೆ. ಹೇಳಿದವರ ಮನಸ್ಸು ಒಳ್ಳೆಯದೇ. ಕೇಳಿಸಿಕೊಂಡವನಿಗೆ ಮಾತ್ರ ಅದು ‘ನಾನು ಸುಳ್ಳು ಹೇಳ್ತಿದ್ದೀನಿ ಅಂತಾರೆ’ ಎಂದೋ ‘ಇವರಿಗೆ ಕಾಯಿಲೆ ಗೊತ್ತಾಗಲಿಲ್ಲ’ ಎಂದೋ ಅರ್ಥವಾಗುತ್ತದೆ. ಯಾವುದಾದರೂ ಆಗಲಿ, ಆತ ಮುಂದೆ ಹೋಗುವುದು ಬಸ್‌ಸ್ಟ್ಯಾಂಡ್ ಗೋಡೆಯಲ್ಲಿ ಫೋನ್ ನಂಬರ್ ಬರೆಸಿದವರ ಬಳಿಗೆ.

ನಾವು ಇವತ್ತು ಹೇಳಬೇಕೆಂದಿರುವುದು ಇಷ್ಟು: ಮನಸ್ಸು ಅನ್ನುವುದು ಉಳಿದ ಕಾರಣಗಳೆಲ್ಲ ತಳ್ಳಿಹೋದಮೇಲೆ ಕೊನೆಗೆ ಅಂಟಿಸುವ ಚೀಟಿಯಲ್ಲ. ಸಕ್ಕರೆ ಕಾಯಿಲೆಯಿಂದ ರಕ್ತನಾಳ ಕೆಟ್ಟವನಲ್ಲೂ, ಬಿಪಿ ಮಾತ್ರೆ ನುಂಗುವವನಲ್ಲೂ, ಮದುವೆಯಾಗಿ ತಿಂಗಳಾದ ಆರೋಗ್ಯವಂತ ಹುಡುಗನಲ್ಲೂ ಅದು ಮೊದಲ ದಿನದಿಂದಲೇ ಕೆಲಸ ಮಾಡುತ್ತಿರುತ್ತದೆ. ಹಾಗಾಗಿ ಚಿಕಿತ್ಸೆಯೂ ಮೊದಲ ಭೇಟಿಯಿಂದಲೇ ಎರಡನ್ನೂ ಹಿಡಿಯಬೇಕು. ಇದು ನಮ್ಮೊಬ್ಬರ ಅಭಿಪ್ರಾಯವೇನಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ 11ನೇ ಆವೃತ್ತಿ 2022ರ ಜನವರಿಯಿಂದ ಜಾರಿಯಲ್ಲಿದೆ. ಲೈಂಗಿಕ ತೊಂದರೆಗಳನ್ನು ‘ದೈಹಿಕ’, ‘ಮಾನಸಿಕ’ ಎಂದು ಬೇರೆ ಬೇರೆ ಅಧ್ಯಾಯಕ್ಕೆ ಹಾಕುವ ಹಳೆಯ ಕ್ರಮವನ್ನು ಅದು ಕೈಬಿಟ್ಟು, ಎಲ್ಲವನ್ನೂ ಲೈಂಗಿಕ ಆರೋಗ್ಯದ ಒಂದೇ ಅಧ್ಯಾಯಕ್ಕೆ ತಂದಿದೆ.

ಭಯ ರಕ್ತನಾಳದಲ್ಲಿ ಮಾಡುವ ಕೆಲಸ

ನಿಮಿರುವಿಕೆ ಅಂದರೆ ಸ್ನಾಯು ಬಿಗಿಯಾಗುವುದು ಎಂದು ಬಹಳ ಜನ ತಿಳಿದಿದ್ದಾರೆ. ನಡೆಯುವುದು ಇದಕ್ಕೆ ತಿರುಗುಮುರುಗು. ಶಿಶ್ನದೊಳಗಿನ ನಯಸ್ನಾಯು ಸಡಿಲವಾಗಬೇಕು. ಆಗ ರಕ್ತ ಒಳಗೆ ತುಂಬುತ್ತದೆ, ಹೊರಹೋಗುವ ಸಿರೆಗಳು ಒತ್ತಿಹೋಗಿ ರಕ್ತ ಒಳಗೇ ನಿಲ್ಲುತ್ತದೆ. ಸಡಿಲಗೊಳಿಸುವ ಸಂದೇಶ ಬೆನ್ನುಹುರಿಯ ಕೆಳಭಾಗದಿಂದ ಬರುತ್ತದೆ, ನೈಟ್ರಿಕ್ ಆಕ್ಸೈಡ್ ಅದರ ವಾಹಕ. ಬಿಗಿಗೊಳಿಸುವ ಸಂದೇಶ ತರುವುದು ನಾರ್‌ಅಡ್ರಿನಲಿನ್. ಹೆದರಿದಾಗ, ಅವಸರಪಟ್ಟಾಗ ದೇಹದಲ್ಲಿ ಏರುವುದೂ ಇದೇ ನಾರ್‌ಅಡ್ರಿನಲಿನ್. ‘ಇವತ್ತೂ ಆಗದೇ ಹೋದರೆ?’ ಎಂಬ ಯೋಚನೆ ಬಂದ ಗಳಿಗೆಯಲ್ಲೇ ನಯಸ್ನಾಯು ಬಿಗಿಯಾಗಿ ರಕ್ತ ಹೊರಗೆ ಹರಿಯುತ್ತದೆ. ಇದಕ್ಕೆ ‘ಕಲ್ಪನೆ’ ಎಂದು ಹೆಸರಿಡುವುದು ಅನ್ಯಾಯ. ರಸಾಯನಶಾಸ್ತ್ರದ ಮಟ್ಟದಲ್ಲಿ ನಡೆಯುವ ನಿಜವಾದ ಘಟನೆ ಇದು.

ಲೈಂಗಿಕತೆಯ ಬಗ್ಗೆ ಸಂಶೋಧನೆ ಮಾಡಿದ ಅಮೆರಿಕದ ವಿಲಿಯಂ ಮಾಸ್ಟರ್ಸ್ ಮತ್ತು ವರ್ಜೀನಿಯಾ ಜಾನ್ಸನ್ 1970ರಲ್ಲಿ ಇನ್ನೊಂದು ಸಂಗತಿ ತೋರಿಸಿಕೊಟ್ಟರು. ಒಮ್ಮೆ ವಿಫಲನಾದ ಗಂಡಸು ಮುಂದಿನ ಸಲ ಹಾಸಿಗೆಯಲ್ಲಿ ಇದ್ದೂ ಇಲ್ಲದಂತಾಗುತ್ತಾನೆ. ಮೂಲೆಯಲ್ಲಿ ನಿಂತು ತನ್ನನ್ನು ತಾನೇ ಗಮನಿಸುತ್ತಿರುತ್ತಾನೆ. ಬಂತಾ, ನಿಂತಿದೆಯಾ, ಇಳೀತಾ? ನಿದ್ದೆ ಬರಲೇಬೇಕು ಎಂದು ಹಟ ಹಿಡಿದವನಿಗೆ ನಿದ್ದೆ ಹತ್ತದ ಹಾಗೇ ಇದು. 1986ರಲ್ಲಿ ಮನಶ್ಶಾಸ್ತ್ರಜ್ಞ ಡೇವಿಡ್ ಬಾರ್ಲೋ ಪ್ರಯೋಗಾಲಯದ ಫಲಿತಾಂಶಗಳನ್ನು ಒಟ್ಟುಗೂಡಿಸಿ ಇದಕ್ಕೆ ಇನ್ನಷ್ಟು ಸ್ಪಷ್ಟತೆ ಕೊಟ್ಟರು. ತೊಂದರೆಯಿಲ್ಲದ ಗಂಡಸರಿಗೆ ‘ನಿಮ್ಮಿಂದ ನಿರೀಕ್ಷೆ ಇದೆ’ ಎಂದರೆ ಉದ್ರೇಕ ಹೆಚ್ಚುತ್ತದೆ; ತೊಂದರೆ ಇರುವವರಿಗೆ ಅದೇ ಮಾತಿಗೆ ತಗ್ಗುತ್ತದೆ. ಜೊತೆಗೆ, ತೊಂದರೆ ಇರುವವರು ತಮಗೆ ಬಂದಿರುವ ನಿಮಿರುವಿಕೆಯನ್ನೂ ಇದ್ದದ್ದಕ್ಕಿಂತ ಕಡಿಮೆ ಎಂದೇ ಅಂದಾಜು ಮಾಡುತ್ತಾರೆ. ಹಾಗಾಗಿ ‘ಟೆನ್ಷನ್ ಬಿಡಿ’ ಎಂಬ ಸಲಹೆಯಿಂದ ಪ್ರಯೋಜನವಿಲ್ಲ. ಆತನ ಗಮನವನ್ನು ಎಲ್ಲಿಂದ ಎಲ್ಲಿಗೆ ಸರಿಸಬೇಕು ಎಂಬುದು ಚಿಕಿತ್ಸೆಯ ಪ್ರಶ್ನೆ.

ವೈದ್ಯರ ಒಂದು ಮಾತಿನ ಬೆಲೆ

ಸಭೆಯಲ್ಲಿರುವ ವೈದ್ಯರು ಈ ಒಂದು ಅಧ್ಯಯನ ನೆನಪಿಟ್ಟುಕೊಂಡರೂ ಸಾಕು. 2003ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನ ಅದು. ಹೊಸದಾಗಿ ಹೃದ್ರೋಗ ಪತ್ತೆಯಾದ, ನಿಮಿರುವಿಕೆಯ ತೊಂದರೆಯಿಲ್ಲದ 96 ಗಂಡಸರಿಗೆ ಹೃದಯಕ್ಕೂ ಬಿಪಿಗೂ ಕೊಡುವ ಅಟೆನೊಲಾಲ್ ಮಾತ್ರೆ ಕೊಟ್ಟರು. ಮೂರನೆಯ ಒಂದು ಭಾಗದವರಿಗೆ ಯಾವ ಮಾತ್ರೆ ಎಂದೇ ತಿಳಿಸಲಿಲ್ಲ. ಇನ್ನೊಂದು ಭಾಗಕ್ಕೆ ಮಾತ್ರೆಯ ಹೆಸರು ಹೇಳಿದರು. ಉಳಿದವರಿಗೆ ಹೆಸರಿನ ಜೊತೆಗೆ ‘ಇದರಿಂದ ಲೈಂಗಿಕ ತೊಂದರೆ ಆಗಬಹುದು’ ಎಂದೂ ಹೇಳಿದರು. ಮೂರು ತಿಂಗಳಾದಮೇಲೆ ತೊಂದರೆ ಹೇಳಿಕೊಂಡವರು ಮೊದಲ ಗುಂಪಿನಲ್ಲಿ ಶೇ. 3.1, ಎರಡನೆಯದರಲ್ಲಿ ಶೇ. 15.6, ಮೂರನೆಯದರಲ್ಲಿ ಶೇ. 31.2. ಮಾತ್ರೆ ಒಂದೇ. ಬದಲಾದದ್ದು ಕಿವಿಗೆ ಬಿದ್ದ ಮಾತು. 2007ರಲ್ಲಿ ಪ್ರಾಸ್ಟೇಟ್ ಹಿಗ್ಗಿದವರಿಗೆ ಕೊಡುವ ಫಿನಾಸ್ಟರೈಡ್ ಕುರಿತ ಅಧ್ಯಯನದಲ್ಲೂ ಇಂಥದೇ ಫಲಿತಾಂಶ ಬಂತು: ಎಚ್ಚರಿಕೆ ಕೇಳಿಸಿಕೊಂಡವರಲ್ಲಿ ಶೇ. 43.6 ಮಂದಿಗೆ, ಕೇಳದವರಲ್ಲಿ ಶೇ. 15.3 ಮಂದಿಗೆ ಲೈಂಗಿಕ ಅಡ್ಡಪರಿಣಾಮ.

ಹಾಗಂತ ಅಡ್ಡಪರಿಣಾಮ ಮುಚ್ಚಿಡಿ ಎಂದು ಅರ್ಥವಲ್ಲ. ರೋಗಿಗೆ ತಿಳಿಯುವ ಹಕ್ಕಿದೆ, ಮೇಲಾಗಿ ಇವತ್ತು ಮಾತ್ರೆಯ ಹೆಸರನ್ನು ಫೋನಿನಲ್ಲಿ ಹಾಕಿದರೆ ಎಲ್ಲವೂ ಸಿಗುತ್ತದೆ. ಹೇಳುವ ರೀತಿ ಬದಲಾಗಬೇಕು. “ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಕೆಲವರಿಗೆ ವ್ಯತ್ಯಾಸ ಕಾಣಬಹುದು. ಹಾಗೆ ಅನಿಸಿದರೆ ಮಾತ್ರೆ ನಿಲ್ಲಿಸದೆ ನನಗೆ ಹೇಳಿ, ಬೇರೆ ಮಾತ್ರೆಗಳಿವೆ” ಎನ್ನಬಹುದು. ಕೊನೆಯ ವಾಕ್ಯವನ್ನು ಬಿಟ್ಟರೆ ಆಗುವ ಅನಾಹುತ ದೊಡ್ಡದು. ಯಾರಿಗೂ ಹೇಳದೆ ಬಿಪಿ ಮಾತ್ರೆ ನಿಲ್ಲಿಸಿಬಿಡುತ್ತಾರೆ.

ಕೇಳಬೇಕಾದ ಪ್ರಶ್ನೆಗಳು

ಮೊದಲ ಭೇಟಿಗೆ ಕನಿಷ್ಠ ಅರ್ಧ ಗಂಟೆ ಬೇಕು. ಅದರಲ್ಲಿ ಹತ್ತು ನಿಮಿಷವಾದರೂ ಆತನೊಬ್ಬನೇ ಇರಬೇಕು. ಅಪ್ಪ, ಭಾವ, ಹೆಂಡತಿ ಎಲ್ಲರೂ ಹೊರಗೆ. ಗಂಡಸರು ನೇರವಾಗಿ ವಿಷಯಕ್ಕೆ ಬರುವುದು ಕಡಿಮೆ. ‘ಸುಸ್ತು’, ‘ಸೊಂಟ ನೋವು’, ‘ನರ ದೌರ್ಬಲ್ಯ’ ಎಂದು ಶುರುಮಾಡುತ್ತಾರೆ. “ಸಕ್ಕರೆ ಕಾಯಿಲೆ ಇರುವ ಬಹಳ ಜನರಿಗೆ ದಾಂಪತ್ಯದ ವಿಷಯದಲ್ಲೂ ತೊಂದರೆ ಆಗುತ್ತೆ, ನಿಮಗೆ ಹೇಗಿದೆ?” ಎಂದು ವೈದ್ಯರೇ ಬಾಗಿಲು ತೆಗೆಯಬೇಕು.

ಆಮೇಲೆ ಬಿಡಿಬಿಡಿಯಾಗಿ ಕೇಳುತ್ತ ಹೋಗಬೇಕು. ತೊಂದರೆ ಒಂದು ದಿನ ದಿಢೀರನೆ ಶುರುವಾಯಿತೋ, ವರ್ಷಗಟ್ಟಲೆ ನಿಧಾನಕ್ಕೆ ಬಂತೋ? ಒಬ್ಬನೇ ಇದ್ದಾಗ ಸರಿಯಿದ್ದು ಸಂಗಾತಿಯ ಜೊತೆ ಮಾತ್ರ ಕೈಕೊಡುತ್ತದೆಯೋ? ಬೆಳಿಗ್ಗೆ ಎದ್ದಾಗ ನಿಮಿರಿರುತ್ತದೆಯೋ? ಶುರುವಿನಲ್ಲೇ ಬರುವುದಿಲ್ಲವೋ, ಬಂದದ್ದು ಒಳಸೇರುವ ಹೊತ್ತಿಗೆ ಇಳಿಯುತ್ತದೆಯೋ? ಆಸೆಯೇ ಇಲ್ಲವೋ, ಆಸೆಯಿದ್ದೂ ಆಗುವುದಿಲ್ಲವೋ? ಇಳಿದ ಆ ಕ್ಷಣದಲ್ಲಿ ತಲೆಯಲ್ಲಿ ಓಡಿದ ಮಾತು ಏನು? ಈ ಕೊನೆಯ ಪ್ರಶ್ನೆಯನ್ನು ಬಹಳ ಜನ ಕೇಳುವುದೇ ಇಲ್ಲ; ಅತಿ ಹೆಚ್ಚು ಮಾಹಿತಿ ಸಿಗುವುದು ಅದರಿಂದಲೇ.

ಬೆಳಗಿನ ನಿಮಿರುವಿಕೆಯ ಬಗ್ಗೆ ಒಂದು ಎಚ್ಚರ. ಆರೋಗ್ಯವಂತ ಗಂಡಸಿಗೆ ರಾತ್ರಿ ಕನಸಿನ ನಿದ್ದೆಯ ಹಂತಗಳಲ್ಲಿ ಮೂರರಿಂದ ಐದು ಸಲ ತಾನಾಗಿ ನಿಮಿರುವಿಕೆ ಆಗುತ್ತದೆ. ಬೆಳಿಗ್ಗೆ ಕಾಣುವುದು ಅದರ ಕೊನೆಯದು. ಅದು ಗಟ್ಟಿಯಾಗಿದ್ದರೆ ರಕ್ತನಾಳ, ನರಗಳು ಕೆಲಸ ಮಾಡುತ್ತಿವೆ ಎಂಬುದಕ್ಕೆ ಒಳ್ಳೆಯ ಸುಳಿವು. ಇಲ್ಲದಿದ್ದರೆ ದೇಹವೇ ಕೆಟ್ಟಿದೆ ಎಂದು ತೀರ್ಮಾನಿಸಬಾರದು. ಖಿನ್ನತೆಯಲ್ಲಿ, ಗೊರಕೆಯೊಂದಿಗೆ ಉಸಿರು ಕಟ್ಟುವ ಕಾಯಿಲೆಯಲ್ಲಿ, ರಾತ್ರಿ ಪಾಳಿಯವರಲ್ಲಿ ನಿದ್ದೆಯೇ ಕೆಟ್ಟಿರುತ್ತದೆ.

ಪರೀಕ್ಷೆಗಳ ಪಟ್ಟಿ ಉದ್ದ ಬೇಕಿಲ್ಲ. ಬಿಪಿ, ಸೊಂಟದ ಸುತ್ತಳತೆ, ಸಕ್ಕರೆ, ಕೊಲೆಸ್ಟರಾಲ್, ಬೆಳಿಗ್ಗೆ 8ರಿಂದ 11ರೊಳಗೆ ತೆಗೆದ ರಕ್ತದಲ್ಲಿ ಟೆಸ್ಟೋಸ್ಟೆರಾನ್. ಅದು ಕಡಿಮೆ ಬಂದರೆ ಇನ್ನೊಂದು ದಿನ ಮತ್ತೆ ಪರೀಕ್ಷೆ, ಜೊತೆಗೆ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನಿನದೂ. ಸಂಜೆ ತೆಗೆದ ಒಂದೇ ರಿಪೋರ್ಟ್ ನೋಡಿ ಹಾರ್ಮೋನ್ ಇಂಜೆಕ್ಷನ್ ಶುರುಮಾಡುವುದು ತಪ್ಪು. ಹೊರಗಿನಿಂದ ಕೊಟ್ಟ ಟೆಸ್ಟೋಸ್ಟೆರಾನ್ ವೀರ್ಯಾಣು ಉತ್ಪತ್ತಿಯನ್ನೇ ತಗ್ಗಿಸುತ್ತದೆ, ಮಗು ಬೇಕೆಂದವರಿಗೆ ಅದು ದೊಡ್ಡ ಪೆಟ್ಟು. ನಿಮಿರುವಿಕೆಯನ್ನು ಅಳೆಯಲು ಐದು ಪ್ರಶ್ನೆಗಳ ಅಂತರರಾಷ್ಟ್ರೀಯ ಅಂಕಪಟ್ಟಿಯೊಂದಿದೆ, ಒಟ್ಟು 25 ಅಂಕ. 21 ಅಥವಾ ಅದಕ್ಕಿಂತ ಕಡಿಮೆ ಬಂದರೆ ತೊಂದರೆಯಿದೆ ಎಂದು ಲೆಕ್ಕ. ಎರಡು ತಿಂಗಳಿಗೊಮ್ಮೆ ತುಂಬಿಸಿದರೆ ಚಿಕಿತ್ಸೆ ಎತ್ತ ಸಾಗಿದೆ ಎಂದು ಗೊತ್ತಾಗುತ್ತದೆ. ನಲವತ್ತು ದಾಟಿದವರ ಹೃದಯವನ್ನು ಮರೆಯಬೇಡಿ. ಶಿಶ್ನದ ರಕ್ತನಾಳ ಹೃದಯದ್ದಕ್ಕಿಂತ ಸಣ್ಣದು, ಹಾಗಾಗಿ ಕೊಬ್ಬು ಕಟ್ಟುವ ಕಾಯಿಲೆಯ ಲಕ್ಷಣ ಇಲ್ಲಿ ಕೆಲವು ವರ್ಷ ಮೊದಲೇ ಕಾಣಿಸಬಹುದು. ‘ಮನಸ್ಸಿನದು’ ಎಂದು ಬೇಗ ತೀರ್ಪು ಕೊಟ್ಟವರು ಇದನ್ನು ಕಾಣದೇ ಹೋಗುತ್ತಾರೆ.

ಖಿನ್ನತೆ ಎರಡು ಕಡೆಯಿಂದ ಹೊಡೆಯುತ್ತದೆ. ಕಾಯಿಲೆಯೇ ಆಸೆಯನ್ನು ಒಣಗಿಸುತ್ತದೆ. ಅದಕ್ಕೆ ಕೊಡುವ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆಗಳು ಸ್ಖಲನವನ್ನು ತಡವಾಗಿಸುತ್ತವೆ, ಕೆಲವರಲ್ಲಿ ಆಸೆಯನ್ನೂ ತಗ್ಗಿಸುತ್ತವೆ. ಯಾವುದು ಮೊದಲು ಬಂತೆಂದು ದಿನಾಂಕ ಹಾಕಿ ಬರೆದುಕೊಳ್ಳಿ. ಮಾತ್ರೆಯಿಂದಲೇ ಎಂದಾದರೆ ಪ್ರಮಾಣ ತಗ್ಗಿಸಬಹುದು, ಬುಪ್ರೊಪಿಯಾನ್ ಅಥವಾ ಮಿರ್ಟಾಜಪಿನ್‌ಗೆ ಬದಲಿಸಬಹುದು. ಈ ಬದಲಾವಣೆಯನ್ನು ಮಾತ್ರೆ ಬರೆದುಕೊಟ್ಟ ಮನೋವೈದ್ಯರೇ ಮಾಡಬೇಕು.

ಧಾತು ಹೋಗುತ್ತಿದೆ ಎನ್ನುವವರು

ಮೂತ್ರದಲ್ಲಿ ಬೆಳ್ಳಗೆ ಹೋಗುತ್ತಿದೆ, ಅದರಿಂದ ಸುಸ್ತು, ಮರೆವು, ಕೆನ್ನೆ ಒಳಸೇರಿದೆ ಎಂದು ಬರುವ ಯುವಕರಿಗೆ ಇರುವುದು ಬೇರೆಯದೇ ಕಷ್ಟ. ಮನೋವೈದ್ಯ ಡಾ. ಎನ್.ಎನ್. ವಿಗ್ 1960ರಲ್ಲೇ ಇದನ್ನು ಗುರುತಿಸಿ ‘ಧಾತ್ ಸಿಂಡ್ರೋಮ್’ ಎಂದು ಕರೆದರು. ರಸದಿಂದ ರಕ್ತ, ರಕ್ತದಿಂದ ಮಾಂಸ, ಹೀಗೆ ಏರುತ್ತ ಕೊನೆಯ ಧಾತುವಾಗಿ ಶುಕ್ರ ಎಂಬ ಏಳು ಧಾತುಗಳ ತಿಳಿವಳಿಕೆ ನಮ್ಮ ನೆಲದ್ದು. ನಲವತ್ತು ಹನಿ ರಕ್ತಕ್ಕೆ ಒಂದು ಹನಿ ವೀರ್ಯ ಎಂಬ ಲೆಕ್ಕ ಅದರ ಬೆನ್ನಿಗೇ ಬಂದ ಜನರ ಮಾತು. ಇದನ್ನು ಕೇಳಿ ನಕ್ಕರೆ ಆತ ಮತ್ತೆ ಬರುವುದಿಲ್ಲ.

ಮೊದಲು ಮೂತ್ರ ಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ಎದುರಿಗಿಟ್ಟು ಮಾತಾಡಿ. ಬಿಳಿ ಗಸಿ ಹೆಚ್ಚಾಗಿ ಫಾಸ್ಫೇಟ್ ಹರಳು. ನೀರು ಕಡಿಮೆ ಕುಡಿದಾಗ ಇನ್ನಷ್ಟು ಕಾಣುತ್ತದೆ. ಮಲವಿಸರ್ಜನೆಗೆ ತಿಣುಕಿದಾಗ ಬರುವ ಅಂಟುನೀರು ಪ್ರಾಸ್ಟೇಟ್ ಗ್ರಂಥಿಯ ಸ್ರಾವವಿರಬಹುದು. ಉರಿ, ಕೀವು ಇದ್ದರೆ ಸೋಂಕು, ಅದಕ್ಕೆ ಔಷಧ ಬೇರೆ. ವೀರ್ಯದ ಬಗ್ಗೆ ಹೇಳುವಾಗ ಪ್ರಮಾಣ ಹೇಳಿ: ಒಂದು ಸ್ಖಲನಕ್ಕೆ ಸಾಮಾನ್ಯವಾಗಿ 1.5ರಿಂದ 5 ಮಿಲಿಲೀಟರ್, ಅಂದರೆ ಹೆಚ್ಚೆಂದರೆ ಒಂದು ಟೀ ಚಮಚ. ಅದರಲ್ಲಿ ಹೆಚ್ಚಿನ ಪಾಲು ವೀರ್ಯಕೋಶ ಮತ್ತು ಪ್ರಾಸ್ಟೇಟಿನ ದ್ರವ, ವೀರ್ಯಾಣುಗಳ ಪಾಲು ತೀರಾ ಕಡಿಮೆ. ದಿನವೂ ತಯಾರಾಗುತ್ತಲೇ ಇರುತ್ತದೆ. ಹೊರಹೋಗದಿದ್ದರೆ ದೇಹವೇ ಹೀರಿಕೊಳ್ಳುತ್ತದೆ ಅಥವಾ ಸ್ವಪ್ನಸ್ಖಲನದಲ್ಲಿ ಹೋಗುತ್ತದೆ. ಇಷ್ಟು ಹೇಳಿದಮೇಲೂ ಸುಸ್ತು ಇಳಿಯದಿದ್ದರೆ ಆತಂಕ, ಖಿನ್ನತೆ ಹುಡುಕಿ. ಇಂಥವರಲ್ಲಿ ಅವು ಜೊತೆಗಿರುವುದು ಬಹಳ ಸಾಮಾನ್ಯ. ‘ಇರಲಿ’ ಎಂದು ಬಿ ಕಾಂಪ್ಲೆಕ್ಸ್ ಬರೆದುಕೊಟ್ಟರೆ ‘ಶಕ್ತಿ ಹೋಗಿತ್ತು, ಡಾಕ್ಟರೇ ತುಂಬಿಸಿದರು’ ಎಂದು ನಂಬಿಕೆ ಇನ್ನೂ ಗಟ್ಟಿಯಾಗುತ್ತದೆ.

ಮಾತ್ರೆ ಯಾಕೆ ಸೋಲುತ್ತದೆ

ನಿಮಿರುವಿಕೆಗೆ ಕೊಡುವ ಸಿಲ್ಡೆನಾಫಿಲ್ (ವಯಾಗ್ರ) ಮಾತ್ರೆ 1998ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಅದೇ ವರ್ಷ ಪ್ರಕಟವಾದ ಮುಖ್ಯ ಪರೀಕ್ಷೆಯಲ್ಲಿ ಮಾತ್ರೆ ತಿಂದವರ ಪ್ರಯತ್ನಗಳಲ್ಲಿ ಶೇ. 69 ಸಫಲವಾದವು, ಹುಸಿಮಾತ್ರೆಯವರಲ್ಲಿ ಶೇ. 22. ಎರಡನೆಯ ಅಂಕಿಯನ್ನೂ ಗಮನಿಸಿ: ಬರೀ ಭರವಸೆಗೆ ಸಿಕ್ಕ ಗೆಲುವು ಅದು.

ಈ ಮಾತ್ರೆ ಆಸೆ ಹುಟ್ಟಿಸುವುದಿಲ್ಲ. ಉದ್ರೇಕ ಇದ್ದರೆ ಮಾತ್ರ ಕೆಲಸ ಮಾಡುತ್ತದೆ. ‘ನುಂಗಿ ಮಲಗಿ ಕಾದೆ, ಏನೂ ಆಗಲಿಲ್ಲ’ ಎಂಬ ದೂರು ಬರುವುದು ಇದನ್ನು ಹೇಳದೇ ಹೋದಾಗ. ಸಾಮಾನ್ಯವಾಗಿ 50 ಮಿಲಿಗ್ರಾಂ, ಸುಮಾರು ಒಂದು ಗಂಟೆ ಮುಂಚೆ. ಬಿರಿಯಾನಿ ಹೊಡೆದು ಅದರ ಮೇಲೆ ನುಂಗಿದರೆ ಎಣ್ಣೆ, ಕೊಬ್ಬು ಅದನ್ನು ಒಂದು ಗಂಟೆಯಷ್ಟು ತಡಮಾಡುತ್ತದೆ. ಮದ್ಯ ಹೆಚ್ಚಾದರೆ ಇನ್ನೂ ಕೆಡುತ್ತದೆ. ಇದೇ ಗುಂಪಿನ ಟಡಾಲಫಿಲ್‌ಗೆ ಊಟದ ಕಾಟವಿಲ್ಲ, ಪರಿಣಾಮ 36 ಗಂಟೆಯವರೆಗೆ ಇರುತ್ತದೆ. ಗಡಿಯಾರ ನೋಡಿದರೆ ಎದೆ ಹೊಡೆದುಕೊಳ್ಳುವ ಗಂಡಸಿಗೆ ಅದು ಹೆಚ್ಚು ಹೊಂದುತ್ತದೆ ಎಂಬುದು ನಮ್ಮ ಅನಿಸಿಕೆ. ಒಂದೆರಡು ಸಲಕ್ಕೇ ಕೈಬಿಡಬಾರದು. ಸರಿಯಾದ ಪ್ರಮಾಣದಲ್ಲಿ, ಸರಿಯಾದ ಕ್ರಮದಲ್ಲಿ ಆರೆಂಟು ಸಲವಾದರೂ ನೋಡಿಯೇ ‘ಆಗಲಿಲ್ಲ’ ಎನ್ನಬೇಕು.

ಎದೆನೋವಿಗೆ ನಾಲಿಗೆಯಡಿ ಇಡುವ ಸಾರ್ಬಿಟ್ರೇಟ್ ಅಥವಾ ಯಾವುದೇ ನೈಟ್ರೇಟ್ ತೆಗೆದುಕೊಳ್ಳುವವರು ಈ ಮಾತ್ರೆಗಳನ್ನು ಮುಟ್ಟಲೇಬಾರದು. ಬಿಪಿ ಕುಸಿದು ಪ್ರಾಣ ಹೋಗಬಹುದು. ‘ಶುದ್ಧ ಗಿಡಮೂಲಿಕೆ’ ಎಂದು ಮಾರುವ ಪುಡಿಗಳಲ್ಲಿ ಸಿಲ್ಡೆನಾಫಿಲ್ ಬೆರೆಸಿದ್ದು ಹಲವು ದೇಶಗಳಲ್ಲಿ ಪತ್ತೆಯಾಗಿದೆ. ನಾಲ್ಕು ಗಂಟೆ ಮೀರಿ ನಿಮಿರುವಿಕೆ ಇಳಿಯದಿದ್ದರೆ ಮರ್ಯಾದೆ ಎಂದು ಕೂರದೆ ಆಸ್ಪತ್ರೆಗೆ ಓಡಬೇಕು.

ಮಾತ್ರೆ ಕೆಲಸ ಮಾಡಿದಮೇಲೂ ಬಹಳ ಮಂದಿ ನಿಲ್ಲಿಸುತ್ತಾರೆ. ಹೆಂಡತಿಗೆ ಗೊತ್ತಾಗದಂತೆ ನುಂಗುವ ಭಾರ, ‘ಮಾತ್ರೆ ಇಲ್ಲದೆ ನಾನು ಗಂಡಸಲ್ಲ’ ಎಂಬ ಹೊಸ ಭಯ, ಹೆಂಡತಿಗೆ ‘ನನ್ನ ಮೇಲಿನ ಆಸೆಯಿಂದಲ್ಲ, ಮಾತ್ರೆಯಿಂದ’ ಎಂಬ ನೋವು. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2007ರ ಪರಾಮರ್ಶೆಯ ಪ್ರಕಾರ, ಬರೀ ಮಾತ್ರೆಗಿಂತ ಮಾತ್ರೆಯ ಜೊತೆ ಗುಂಪು ಮನೋಚಿಕಿತ್ಸೆ ಪಡೆದವರಿಗೆ ಹೆಚ್ಚು ಫಲ ಸಿಕ್ಕಿತ್ತು, ನಡುವೆ ಬಿಟ್ಟುಹೋದವರೂ ಕಡಿಮೆ.

ಸ್ಪರ್ಶದ ಅಭ್ಯಾಸ

ಮಾಸ್ಟರ್ಸ್ ಮತ್ತು ಜಾನ್ಸನ್ ರೂಪಿಸಿದ ಸ್ಪರ್ಶಾಭ್ಯಾಸವೇ ಇವತ್ತಿಗೂ ದಂಪತಿ ಚಿಕಿತ್ಸೆಯ ಬೆನ್ನೆಲುಬು. ಮೊದಲ ನಿಯಮ, ಸಂಭೋಗಕ್ಕೆ ಪೂರ್ತಿ ವಿರಾಮ. ಇದು ವೈದ್ಯರ ಆದೇಶ ಎಂದು ಇಬ್ಬರಿಗೂ ಒಟ್ಟಿಗೆ ಹೇಳಬೇಕು. ಸೋಲಲು ಪರೀಕ್ಷೆಯೇ ಇಲ್ಲದಾಗ ಭಯಕ್ಕೆ ಹಿಡಿಯಲು ಏನೂ ಇರುವುದಿಲ್ಲ.

ವಾರಕ್ಕೆ ಎರಡು ಮೂರು ಸಲ, ಅರ್ಧ ಗಂಟೆಯಿಂದ ಒಂದು ಗಂಟೆ. ಮೊದಲ ಹಂತದಲ್ಲಿ ಸ್ತನ, ಜನನಾಂಗ ಬಿಟ್ಟು ಉಳಿದ ಮೈಯನ್ನು ಒಬ್ಬರು ಮುಟ್ಟುವುದು, ಇನ್ನೊಬ್ಬರು ಸುಮ್ಮನೆ ಅನುಭವಿಸುವುದು, ಆಮೇಲೆ ಅದಲುಬದಲು. ಗಮನ ಇರಬೇಕಾದ್ದು ಬಿಸಿ, ತಣುಪು, ನುಣುಪು, ಒತ್ತಡದ ಮೇಲೆ. ಮನಸ್ಸು ಬೇರೆಡೆ ಓಡಿದರೆ ಮತ್ತೆ ಚರ್ಮಕ್ಕೆ ತರುವುದು, ಅದೇ ಅಭ್ಯಾಸ. ಎರಡನೆಯ ಹಂತದಲ್ಲಿ ಜನನಾಂಗವೂ ಸೇರುತ್ತದೆ, ಉದ್ರೇಕಿಸಬೇಕೆಂಬ ಗುರಿ ಇಲ್ಲದೆ. ಇಲ್ಲಿ ಒಂದು ಮುಖ್ಯ ವ್ಯಾಯಾಮವಿದೆ: ನಿಮಿರುವಿಕೆ ಬಂದಾಗ ಬೇಕೆಂದೇ ಸ್ಪರ್ಶ ನಿಲ್ಲಿಸಿ, ಅದು ಇಳಿಯುವವರೆಗೆ ಕಾದು, ಮತ್ತೆ ಶುರುಮಾಡುವುದು. ಇಳಿದದ್ದು ಮತ್ತೆ ಬರುತ್ತದೆ ಎಂದು ಕಣ್ಣಾರೆ ಕಂಡವನಿಗೆ ‘ಇಳಿದರೆ ಮುಗಿಯಿತು’ ಎಂಬ ಗಾಬರಿ ಕಳಚುತ್ತದೆ. ಆಮೇಲಿನ ಹಂತ, ಹೆಂಡತಿ ಮೇಲಿದ್ದು ಒಳಸೇರಿಸಿಕೊಂಡು ಅಲುಗಾಡದೆ ಇರುವುದು. ಕೊನೆಗೆ ನಿಧಾನವಾದ ಚಲನೆ.

ಎಲ್ಲಿ ಕೆಡುತ್ತದೆ? ಎರಡನೇ ವಾರಕ್ಕೇ ನಿಷೇಧ ಮುರಿಯುತ್ತಾರೆ. ಒಂದು ಸಲ ಚೆನ್ನಾಗಿ ನಿಮಿರಿದ್ದೇ ತಡ ‘ಇವತ್ತು ಆಗಿಯೇ ಬಿಡಲಿ’ ಎಂದು ನುಗ್ಗಿ, ಸೋತು, ಮತ್ತೆ ಮೊದಲಿಗೆ ಬರುತ್ತಾರೆ. ಹೀಗಾಗಬಹುದು ಎಂದು ಮುಂಚೆಯೇ ಹೇಳಿಟ್ಟರೆ ಅದು ಸೋಲೆನಿಸುವುದಿಲ್ಲ. ಎರಡನೆಯದು ಜಾಗ. ಎರಡು ಕೋಣೆಯ ಮನೆ, ಪಕ್ಕದಲ್ಲಿ ಅತ್ತೆ ಮಾವ, ಚಿಲಕವಿಲ್ಲದ ಬಾಗಿಲು. ಪುಸ್ತಕದ ವಿಧಾನವನ್ನು ಹಾಗೇ ಒಪ್ಪಿಸಿದರೆ ಪ್ರಯೋಜನವಿಲ್ಲ. ಬಾಗಿಲಿಗೆ ಚಿಲಕ ಹಾಕಿಸುವುದು, ಮನೆಯವರು ದೇವಸ್ಥಾನಕ್ಕೋ ಮದುವೆಗೋ ಹೋದ ಹೊತ್ತನ್ನು ಬಳಸುವುದು, ಬಟ್ಟೆ ಹಾಕಿಕೊಂಡೇ ಮೊದಲ ಹಂತ ಮಾಡುವುದು, ಇವನ್ನು ಕೂತು ಲೆಕ್ಕಹಾಕಬೇಕು. ಹೊಡೆತ ಬಡಿತ ಇರುವ, ನಂಬಿಕೆ ಮುರಿದಿರುವ ದಾಂಪತ್ಯದಲ್ಲಿ ಈ ಅಭ್ಯಾಸ ಬೇಡ. ಮೊದಲು ಅದಕ್ಕೆ ದಾರಿ ನೋಡಬೇಕು.

ಪ್ರಸ್ತದ ರಾತ್ರಿಯದ್ದೂ ಹೀಗೇ. ಮೂರು ದಿನದ ಮದುವೆ ಓಡಾಟ, ನಿದ್ದೆಯಿಲ್ಲ, ಹೊರಗೆ ನೆಂಟರು, ಒಳಗೆ ಹೆಚ್ಚು ಪರಿಚಯವಿಲ್ಲದ ಇಬ್ಬರು. ಆ ರಾತ್ರಿ ಆಗದಿದ್ದರೆ ಅದಕ್ಕೆ ಕಾಯಿಲೆಯ ಹೆಸರು ಬೇಡ. ಮನೋವೈದ್ಯರ ಕೈಪಿಡಿಯೂ ಆರು ತಿಂಗಳು, ನಾಲ್ಕರಲ್ಲಿ ಮೂರು ಸಲವಾದರೂ ತೊಂದರೆಯಾದರೆ ಮಾತ್ರ ರೋಗ ಎನ್ನುತ್ತದೆ. ತಿಂಗಳುಗಟ್ಟಲೆ ಆಗದೇ ಹೋದರೆ ಹೆಂಡತಿಯನ್ನೂ ವಿಚಾರಿಸಬೇಕು. ಆಕೆಯ ಯೋನಿಯ ಸ್ನಾಯು ಭಯದಿಂದ ಬಿಗಿಯುತ್ತಿದ್ದರೆ ಗಂಡನಿಗೆ ಎಷ್ಟು ಮಾತ್ರೆ ಕೊಟ್ಟರೂ ವ್ಯರ್ಥ. ಮಗುವಿಗಾಗಿ ಚಿಕಿತ್ಸೆ ಪಡೆಯುವವರಲ್ಲಿ ‘ಇವತ್ತು, ನಾಳೆ, ನಾಡಿದ್ದು’ ಎಂದು ದಿನ ಗೊತ್ತುಮಾಡಿದ ಕೂಡಲೇ ತೊಂದರೆ ಶುರುವಾಗುವುದುಂಟು. ಅಂಥವರಿಗೆ ಗೊತ್ತುಮಾಡಿದ ದಿನದ ಲೆಕ್ಕ ಬಿಟ್ಟು, ಒಂದು ದಿನ ಬಿಟ್ಟು ಒಂದು ದಿನ ಸೇರಿ ಎಂದರೆ ಒತ್ತಡ ತಗ್ಗುತ್ತದೆ, ಗರ್ಭ ನಿಲ್ಲುವ ಸಾಧ್ಯತೆಗೂ ಅಡ್ಡಿಯಿಲ್ಲ.

ಶೀಘ್ರಸ್ಖಲನ

2005ರಲ್ಲಿ ಐದು ದೇಶಗಳ ದಂಪತಿಗಳು ಒಳಸೇರಿದಾಗಿನಿಂದ ಸ್ಖಲನದವರೆಗಿನ ಹೊತ್ತನ್ನು ಗಡಿಯಾರ ಹಿಡಿದು ಅಳೆದಾಗ ಮಧ್ಯದ ಅಂಕಿ ಬಂದದ್ದು 5.4 ನಿಮಿಷ. ಅರ್ಧ ಗಂಟೆ ಎಂಬುದು ಅಶ್ಲೀಲ ಚಿತ್ರದ ಲೆಕ್ಕ. ಮೊದಲಿಂದಲೂ ಒಂದು ನಿಮಿಷದೊಳಗೆ, ಅಥವಾ ಮೊದಲು ಸರಿಯಿದ್ದು ಈಗ ಮೂರು ನಿಮಿಷದೊಳಗೆ ಬರುತ್ತದೆ, ತಡೆಯಲಾಗುತ್ತಿಲ್ಲ, ಅದರಿಂದ ನೋವಾಗಿದೆ, ಈ ಮೂರೂ ಇದ್ದರೆ ಚಿಕಿತ್ಸೆ. 1956ರಲ್ಲಿ ಜೇಮ್ಸ್ ಸೀಮನ್ಸ್ ಹೇಳಿದ ನಿಲ್ಲಿಸಿ-ಶುರುಮಾಡುವ ವಿಧಾನ ಈಗಲೂ ಉಪಯುಕ್ತ. ಉದ್ರೇಕಕ್ಕೆ ಹತ್ತರ ಅಳತೆ ಇಟ್ಟುಕೊಂಡು ಏಳಕ್ಕೆ ಬಂದಾಗ ನಿಲ್ಲಿಸಿ, ನಾಲ್ಕಕ್ಕೆ ಇಳಿದಮೇಲೆ ಮತ್ತೆ ಶುರು. ಮೂರು ಸಲ ನಿಲ್ಲಿಸಿ ನಾಲ್ಕನೆಯದಕ್ಕೆ ಬಿಡುವುದು. ಮೊದಲು ಒಣಗೈಯಲ್ಲಿ ಒಬ್ಬನೇ, ಆಮೇಲೆ ಜಾರುದ್ರವ ಹಚ್ಚಿ, ಆಮೇಲೆ ಹೆಂಡತಿಯ ಕೈಯಲ್ಲಿ. ಬಹುತೇಕರು ಒಂಬತ್ತಕ್ಕೆ ಬಂದು ನಿಲ್ಲಿಸಲು ನೋಡುತ್ತಾರೆ. ಅಲ್ಲಿಂದ ಹಿಂದಿರುಗಲು ಆಗದು. ಸ್ಖಲನ ತಡಮಾಡುವ ಡಪಾಕ್ಸೆಟಿನ್ ಮಾತ್ರೆಯನ್ನು ವೈದ್ಯರು ಬರೆದುಕೊಟ್ಟರೆ 30 ಮಿಲಿಗ್ರಾಂ, ಒಂದರಿಂದ ಮೂರು ಗಂಟೆ ಮುಂಚೆ, ಒಂದು ಲೋಟ ತುಂಬ ನೀರಿನೊಂದಿಗೆ. ಮದ್ಯದ ಜೊತೆ ಬೇಡ, ತಲೆ ತಿರುಗಿ ಬೀಳಬಹುದು.

ಚೀಟಿಯಲ್ಲಿ ಬರುವ ಪ್ರಶ್ನೆಗಳು

ಈ ವಿಷಯದಲ್ಲಿ ಎದ್ದು ನಿಂತು ಪ್ರಶ್ನೆ ಕೇಳುವವರಿಲ್ಲ, ಚೀಟಿ ಬರುತ್ತದೆ. ಹೆಚ್ಚಾಗಿ ಬರುವ ಮೂರಕ್ಕೆ ಉತ್ತರ.

‘ಹಸ್ತಮೈಥುನದಿಂದ ನರ ಸತ್ತು ಚಿಕ್ಕದಾಗಿದೆ.’ ನರ ಸಾಯುವುದಿಲ್ಲ, ಚಿಕ್ಕದೂ ಆಗುವುದಿಲ್ಲ. 15,000ಕ್ಕೂ ಹೆಚ್ಚು ಗಂಡಸರ ಅಳತೆಗಳನ್ನು ಒಟ್ಟುಗೂಡಿಸಿದ 2015ರ ಅಧ್ಯಯನದಲ್ಲಿ ನಿಮಿರಿದಾಗಿನ ಸರಾಸರಿ ಉದ್ದ ಸುಮಾರು 13 ಸೆಂಟಿಮೀಟರ್. ಆದರೆ ಹಾಸಿಗೆಗೆ ಉಜ್ಜಿ ಅಥವಾ ಬಹಳ ಬಿಗಿಯಾಗಿ ಹಿಡಿದು ಅಭ್ಯಾಸವಾದವರಿಗೆ ಮಿಲನದ ಮೆದು ಸ್ಪರ್ಶ ಸಾಕಾಗದೆ ಸ್ಖಲನ ತಡವಾಗಬಹುದು. ಹಿಡಿತ ಸಡಿಲಿಸಿ ಕೆಲವು ವಾರ ಅಭ್ಯಾಸ ಬದಲಿಸಿದರೆ ಸರಿಹೋಗುತ್ತದೆ.

‘ಸ್ಟೆಂಟ್ ಹಾಕಿದ್ದಾರೆ, ಸೇರಿದರೆ ಹೃದಯ ನಿಲ್ಲುತ್ತಾ?’ ಎದೆನೋವು, ಏದುಸಿರು ಇಲ್ಲದೆ ಎರಡು ಮಹಡಿ ಮೆಟ್ಟಿಲು ಸರಸರ ಹತ್ತಬಲ್ಲಿರಾದರೆ ಸಾಮಾನ್ಯವಾಗಿ ಭಯವಿಲ್ಲ. ನಿಮ್ಮ ಹೃದ್ರೋಗ ತಜ್ಞರನ್ನು ಇದೇ ಮಾತಿನಲ್ಲಿ ಕೇಳಿ. ಅವರಾಗಿ ಹೇಳಲಿ ಎಂದು ಕಾಯಬೇಡಿ. ಮಾತ್ರೆಯ ಪಟ್ಟಿಯಲ್ಲಿ ನೈಟ್ರೇಟ್ ಇದೆಯೇ ಎಂದೂ ಕೇಳಿ.

‘ನಮ್ಮ ಯಜಮಾನ್ರು ಡಾಕ್ಟರ ಹತ್ರ ಬರೋದೇ ಇಲ್ಲ ಅಂತಾರೆ.’ ಅಮ್ಮಾ, ಹಾಸಿಗೆಯಲ್ಲಿ, ಸೋತ ಗಳಿಗೆಯಲ್ಲಿ ಈ ಮಾತು ಎತ್ತಬೇಡಿ. ಹಗಲು ಹೊತ್ತು, ನಡೆಯುವಾಗಲೋ ಗಾಡಿಯಲ್ಲಿ ಹೋಗುವಾಗಲೋ, ಮುಖಾಮುಖಿ ಇಲ್ಲದಿರುವಾಗ ಹೇಳಿ. ‘ನಿಮಗೆ ತೊಂದರೆ ಇದೆ’ ಎನ್ನದೆ ‘ನಮಗೆ ಇದು ಕಷ್ಟ ಆಗ್ತಿದೆ, ಒಟ್ಟಿಗೆ ಕೇಳೋಣ’ ಎನ್ನಿ. ಸಕ್ಕರೆ, ಬಿಪಿ ತಪಾಸಣೆ ಎಂದರೆ ಎಷ್ಟೋ ಗಂಡಸರು ಬರುತ್ತಾರೆ, ಆ ತಪಾಸಣೆ ಹೇಗೂ ಬೇಕೇ ಬೇಕು. ಅದಕ್ಕೂ ಒಪ್ಪದಿದ್ದರೆ 14416ಕ್ಕೆ ಫೋನ್ ಮಾಡಲು ಹೇಳಿ. ಅದು ಟೆಲಿ ಮಾನಸ್, ಸರ್ಕಾರದ ಉಚಿತ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಅವರು ಕರೆ ಮಾಡದಿದ್ದರೆ ನೀವೇ ಮಾಡಿ. ಈ ತೊಂದರೆಯಲ್ಲಿ ನಿಮ್ಮ ನಿದ್ದೆಯೂ ಕೆಟ್ಟಿರುತ್ತದೆ.